ಊರಿನವರೇ ಮಾಡಿ ಊರಿನವರೇ ನೋಡುವ ವಿಡಿಯೋ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ನಮ್ಮ ಊರಲ್ಲಿ ಒಂದಿಷ್ಟು ಜನ ಸೇರಿ ಮೊಬೈಲ್‌ನಲ್ಲೇ ಸಣ್ಣ ಸಣ್ಣ ವಿಡಿಯೋ ಮಾಡುತ್ತೇವೆ. ತೋಟದ ಕೆಲಸ, ಸಂಘದ ಲೆಕ್ಕ, ಅರ್ಜಿ ತುಂಬುವುದು, ಹೀಗೆ. ಯೂಟ್ಯೂಬ್‌ಗೆ ಹಾಕುತ್ತೇವೆ, ಆಮೇಲೆ ಸಂಘದ ಸಭೆಯಲ್ಲಿ ಎಲ್ಲರನ್ನೂ ಕೂರಿಸಿ ತೋರಿಸುತ್ತೇವೆ. ನೋಡಿದ ಬೇರೆ ಊರಿನವರು ಫೋನ್ ಮಾಡುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕಾಗ ಕೇಳುತ್ತಾರೆ, ಇಬ್ಬರು ಕಾಗದವನ್ನೂ ಬರೆದರು. ಎಲ್ಲರೂ ಎಡವುವುದು ಹೆಚ್ಚುಕಮ್ಮಿ ಅದೇ ಜಾಗದಲ್ಲಿ. ಹಾಗಾಗಿ ಒಟ್ಟು ಮಾಡಿ ಬರೆದಿದ್ದೇನೆ. ಪ್ರಶ್ನೆಗಳು ಅವರದೇ ಮಾತಿನಲ್ಲಿವೆ.

## ಶುರು ಮಾಡುವ ಮೊದಲು

ಯೂಟ್ಯೂಬಲ್ಲಿ ಎಲ್ಲಾ ಇದೆಯಲ್ಲಕ್ಕಾ, ನಾವು ಮತ್ಯಾಕೆ ಮಾಡ್ಬೇಕು?

ಇದೆ, ನಿಜ. ಅಡಿಕೆಗೆ ಕೊಳೆ ರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ ಅಂತ ಹುಡುಕಿದರೆ ಕನ್ನಡದಲ್ಲೇ ಎಷ್ಟೋ ಸಿಗುತ್ತವೆ. ನಾವೂ ಮೊದಲು ಅವನ್ನೇ ತೋರಿಸಿದೆವು. ಜನ ನೋಡಿದರು, ಚೆನ್ನಾಗಿದೆ ಅಂದರು, ಎದ್ದು ಹೋದರು. ಮುಂದಿನ ಮಳೆಗಾಲಕ್ಕೆ ಪಕ್ಕದ ಕೇರಿಯ ಒಬ್ಬ ಅಣ್ಣ ತಮ್ಮ ಮನೆ ಹಿಂದೆ ಅದೇ ದ್ರಾವಣ ಮಾಡುವುದನ್ನು ತೆಗೆದು ತೋರಿಸಿದೆವು. ಕುತ್ತಿಗೆ ಮೇಲೆ ಟವೆಲ್, ಕಾಲಡಿ ಕೆಸರು, ಹಿಂದೆ ನಾಯಿ ಬೊಗಳುವ ಸದ್ದು. ಅವತ್ತು ಸಭೆ ಮುಗಿಯುವಾಗ ಕತ್ತಲೆ. "ಅವನ ಡ್ರಮ್ಮು ಎಲ್ಲಿ ತಗೊಂಡಿದ್ದು?" "ಸುಣ್ಣ ಯಾವ ಅಂಗಡಿದು?" "ಅವನ ತೋಟದಲ್ಲಿ ಹೋದ ವರ್ಷ ಕೊಳೆ ಬಂದಿತ್ತಲ್ಲ?" ಇಂಥ ಪ್ರಶ್ನೆ ದೂರದವರ ವಿಡಿಯೋಕ್ಕೆ ಬರುವುದಿಲ್ಲ. ಕೇಳಿದರೂ ಉತ್ತರ ಕೊಡುವವರು ಅಲ್ಲಿಲ್ಲ.

ಹಾಗಂತ ಎಲ್ಲವನ್ನೂ ನೀವೇ ಮಾಡಬೇಕಾಗಿಲ್ಲ. ಭೂಮಿ ಯಾಕೆ ಸುತ್ತುತ್ತದೆ ಅನ್ನುವುದಕ್ಕೆ ಬೇರೆಯವರ ವಿಡಿಯೋ ಸಾಕು. ನಿಮ್ಮ ಮಣ್ಣು, ನಿಮ್ಮ ಪಂಚಾಯ್ತಿ, ನಿಮ್ಮ ಸಂಘಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಮಾಡಿ.

ಇದು ಹೊಸಾ ಐಡಿಯಾನಾ? ಮುಂಚೆ ಯಾರಾದ್ರೂ ಮಾಡಿದ್ರಾ?

ಹೊಸದೇನೂ ಅಲ್ಲ. ನಮ್ಮ ಕರ್ನಾಟಕದಲ್ಲೇ 50 ವರ್ಷದ ಕಥೆ ಇದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೋ ಮತ್ತು ನಾಸಾ ಸೇರಿ 'ಸೈಟ್' ಅನ್ನುವ ಪ್ರಯೋಗ ನಡೆಸಿದವು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಬಂತು. ನಮ್ಮಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಕಡೆಯ ಹಳ್ಳಿಗಳು ಅದರಲ್ಲಿದ್ದವು. ಕರೆಂಟೇ ಸರಿಯಾಗಿ ಇಲ್ಲದ ಕಾಲ, ಊರಿಗೊಂದೇ ಟಿವಿ. ಬೆಳಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ ಅಂತ ಕಾರ್ಯಕ್ರಮ. ಒಂದು ವರ್ಷಕ್ಕೆ ಉಪಗ್ರಹ ಬೇರೆ ಕಡೆ ಹೋಯಿತು, ಇದೂ ಮುಗಿಯಿತು. ಆದರೆ ಅದು ಮೇಲಿಂದ ಕೆಳಗೆ ಬರುವ ಮಾತು. ನೋಡುವವರು ತಿರುಗಿ ಕೇಳುವ ಹಾಗಿರಲಿಲ್ಲ.

ನಮ್ಮ ರೀತಿಗೆ ಹತ್ತಿರದ್ದು 'ಡಿಜಿಟಲ್ ಗ್ರೀನ್'. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರಿಕಿನ್ ಗಾಂಧಿ ಮತ್ತು ಜೊತೆಗಾರರು ಶುರು ಮಾಡಿದ್ದು. ಗ್ರೀನ್ ಫೌಂಡೇಷನ್ ಅನ್ನುವ ಸಂಸ್ಥೆಯ ಜೊತೆ ನಮ್ಮ ರಾಜ್ಯದ ಹಳ್ಳಿಗಳಲ್ಲೇ ಮೊದಲ ಪ್ರಯೋಗ. ರೈತರದ್ದೇ ವಿಡಿಯೋ ತೆಗೆದು, ಟಿವಿ ಮತ್ತು ಡಿವಿಡಿ ಪ್ಲೇಯರ್ ಇಟ್ಟು, ಊರಿನದೇ ಒಬ್ಬರು ನಡುನಡುವೆ ನಿಲ್ಲಿಸಿ ಮಾತಾಡಿಸುತ್ತಾ ತೋರಿಸಿದರು. 16 ಹಳ್ಳಿಗಳಲ್ಲಿ 13 ತಿಂಗಳು ನೋಡಿದಾಗ, ಅಧಿಕಾರಿಗಳು ಊರಿಗೆ ಬಂದು ಹೇಳಿಹೋಗುವ ಹಳೆ ಪದ್ಧತಿಗಿಂತ, ಖರ್ಚಾದ ದುಡ್ಡಿನ ಲೆಕ್ಕದಲ್ಲಿ ಇದು 10 ಪಟ್ಟು ಹೆಚ್ಚು ಕೆಲಸ ಮಾಡಬಹುದು ಅಂತ ಕಂಡಿತು. ಜನ ಮೊದಲು ತಿಳಿಯಬಯಸುತ್ತಿದ್ದದ್ದು ವಿಡಿಯೋದಲ್ಲಿರುವವರು ಯಾರು, ಯಾವ ಊರು ಅಂತ. ಇದನ್ನು ಓದಿದಾಗ ನನಗೆ ನಗು ಬಂತು, ನಮ್ಮಲ್ಲೂ ಹಾಗೇ.

ಕ್ಯಾಮೆರಾಗೆಲ್ಲ ಎಷ್ಟಾಗುತ್ತೆ?

ಕ್ಯಾಮೆರಾ ಬೇಡ. ಕೈಯಲ್ಲಿರುವ ಫೋನ್ ಸಾಕು. ದುಡ್ಡು ಹಾಕುವುದಾದರೆ ಮೊದಲು ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು, ಆಮೇಲೆ ಒಂದು ಟ್ರೈಪಾಡ್, ಆಮೇಲೆ ತೋರಿಸಲು ಒಂದು ಸ್ಪೀಕರ್. ಪ್ರೊಜೆಕ್ಟರ್ ಕೊನೆಗೆ. ಅದಕ್ಕಿಂತ ಮೊದಲು ಶಾಲೆಯಲ್ಲೋ ಪಂಚಾಯ್ತಿಯ ಅರಿವು ಕೇಂದ್ರದಲ್ಲೋ (ಊರಿನ ಗ್ರಂಥಾಲಯ) ಟಿವಿ ಇದೆಯಾ ಅಂತ ವಿಚಾರಿಸಿ. ಪ್ಯಾಕೆಟ್ ಕೂಡ ಒಡೆಯದೆ ಇಟ್ಟಿರುವ ಟಿವಿಗಳನ್ನು ನಾನೇ ನೋಡಿದ್ದೇನೆ.

ನಮ್ಮೂರಲ್ಲಿ ನೆಟ್‌ವರ್ಕೇ ಸಿಗಲ್ಲ, ಗುಡ್ಡ ಹತ್ಬೇಕು. ಆನ್‌ಲೈನ್ ವಿಡಿಯೋ ಹೇಗೆ?

ಒಬ್ಬರು ಗುಡ್ಡ ಹತ್ತಿದರೆ ಸಾಕು. ಪೇಟೆಗೆ ಹೋದ ದಿನ ಯೂಟ್ಯೂಬ್ ಆ್ಯಪ್‌ನಲ್ಲೇ ಡೌನ್‌ಲೋಡ್ ಒತ್ತಿ ಇಟ್ಟುಕೊಳ್ಳಿ, ನೆಟ್ ಇಲ್ಲದಿದ್ದರೂ ಆ ಫೋನಿನಲ್ಲಿ ಓಡುತ್ತದೆ. ಆದರೆ ಅದು ಆ್ಯಪ್‌ನ ಒಳಗೇ ಇರುತ್ತದೆ, ಪೆನ್‌ಡ್ರೈವ್‌ಗೆ ಹಾಕಲು ಬರುವುದಿಲ್ಲ. ನಿಮ್ಮದೇ ವಿಡಿಯೋ ಆದರೆ ಮೂಲ ಫೈಲ್ ನಿಮ್ಮ ಹತ್ತಿರ ಇದ್ದೇ ಇದೆ, ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿ.

ಇಲ್ಲಿ ಒಂದು ತೊಂದರೆ ಎಲ್ಲರಿಗೂ ಆಗುತ್ತದೆ. ಫೋನಿನಲ್ಲಿ ಚೆನ್ನಾಗಿ ಓಡುವ ವಿಡಿಯೋ ಟಿವಿಯಲ್ಲಿ ಓಡುವುದಿಲ್ಲ, ಇಲ್ಲವೇ ಬರೀ ದನಿ ಬರುತ್ತದೆ. ಎಷ್ಟೋ ಹೊಸ ಫೋನುಗಳು ಜಾಗ ಉಳಿಸಲು ಎಚ್.265 ಎನ್ನುವ ಬಗೆಯಲ್ಲಿ ತೆಗೆಯುತ್ತವೆ, ಹಳೇ ಟಿವಿಗೆ ಅದು ಗೊತ್ತಿಲ್ಲ. ಕ್ಯಾಮೆರಾ ಸೆಟ್ಟಿಂಗ್‌ಗೆ ಹೋಗಿ ಎಚ್.264 ಮಾಡಿ, 4ಕೆ ಬಿಟ್ಟು 1080ರಲ್ಲಿ ತೆಗೆಯಿರಿ. ಸಭೆಯ ಹಿಂದಿನ ದಿನವೇ ಅದೇ ಟಿವಿಯಲ್ಲಿ ಹಾಕಿ ನೋಡಿ. ಮಳೆಗಾಲದಲ್ಲಿ ಕರೆಂಟಿನ ಭರವಸೆ ಬೇಡ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಳ್ಳಿ.

## ವಿಡಿಯೋ ತೆಗೆಯುವಾಗ

ಎಷ್ಟುದ್ದ ಇರಬೇಕು? ಕೆಲವರು 2 ನಿಮಿಷ ಅಂತಾರೆ, ಕೆಲವರು ಅರ್ಧ ಗಂಟೆ ಅಂತಾರೆ.

ಸಭೆಯಲ್ಲಿ ತೋರಿಸುವುದಾದರೆ 8ರಿಂದ 10 ನಿಮಿಷ. ನಿಲ್ಲಿಸಿ ಮಾತಾಡುತ್ತಾ ಹೋದರೆ ಅದೇ ಮುಕ್ಕಾಲು ಗಂಟೆ ಆಗುತ್ತದೆ. ಒಂದು ವಿಡಿಯೋದಲ್ಲಿ ಒಂದೇ ಕೆಲಸ ಇರಲಿ. ಕಾಳುಮೆಣಸಿನ ಬಳ್ಳಿ ನೆಡುವುದು, ಗೊಬ್ಬರ ಕೊಡುವುದು, ಕೊಯ್ಲು ಮಾಡುವುದು ಎಲ್ಲ ಒಂದರಲ್ಲೇ ತುರುಕಿದರೆ ಯಾವುದೂ ತಲೆಗೆ ಹತ್ತುವುದಿಲ್ಲ. ವಾಟ್ಸಾಪ್‌ಗೆ ಆದರೆ 2 ನಿಮಿಷದ ಒಳಗೆ, ನೆನಪಿಸಲು ಮಾತ್ರ.

ನಮ್ಮ ಮಾತು ಹಳ್ಳಿ ಮಾತು. ಪುಸ್ತಕದ ಕನ್ನಡದಲ್ಲಿ ಹೇಳಿಸ್ಬೇಕಾ?

ದಯವಿಟ್ಟು ಬೇಡ. 'ತಾಮ್ರದ ಸಲ್ಫೇಟ್' ಅಂತ ಹೇಳಿಸಿದರೆ ಹೇಳುವವರು ತಡವರಿಸುತ್ತಾರೆ, ಕೇಳುವವರು ಆಕಳಿಸುತ್ತಾರೆ. ಮೈಲುತುತ್ತ ಅಂದರೆ ಎಲ್ಲರಿಗೂ ಗೊತ್ತು. ಒಬ್ಬ ಅಧಿಕಾರಿ ನಮ್ಮ ವಿಡಿಯೋ ನೋಡಿ ಭಾಷೆ ಶುದ್ಧವಿಲ್ಲ ಅಂದರು. ಇರಬಹುದು. ನೋಡಿದವರಿಗೆ ಅರ್ಥವಾಗಿದೆ, ನಮಗೆ ಅಷ್ಟು ಸಾಕು.

ಬೇರೆ ಸೀಮೆಯವರೂ ನೋಡಲಿ ಅಂತಿದ್ದರೆ ಅಲ್ಲಿನ ಹೆಸರನ್ನು ಪರದೆ ಮೇಲೆ ಬರೆಯಿರಿ, ಮಾತು ಬದಲಿಸಬೇಡಿ.

ಕ್ಯಾಮೆರಾ ಎದುರು ನಿಲ್ಲಿಸಿದ ತಕ್ಷಣ ಬಾಯೇ ಬಿಡಲ್ಲ. ಏನು ಮಾಡೋದು?

ನಿಲ್ಲಿಸಬೇಡಿ. ಅವರಿಗೆ ಕೆಲಸ ಕೊಡಿ. ಕೈ ಓಡುತ್ತಿದ್ದರೆ ಬಾಯಿ ತಾನಾಗಿ ಬರುತ್ತದೆ. ಹಪ್ಪಳ ಮಾಡುವ ಅಮ್ಮ ಒಬ್ಬರು "ನಂಗೆ ಮಾತಾಡಕ್ಕೆ ಬರಲ್ಲ ತಂಗೀ" ಅಂತ ಮೂರು ಸಲ ಒಳಗೆ ಹೋದರು. ಆಮೇಲೆ ನಾನೇ ಹಲಸಿನ ಹಿಟ್ಟು ತಟ್ಟಲು ಕೂತೆ, ಬೇಕಂತಲೇ ದಪ್ಪ ತಟ್ಟಿದೆ. "ಅಯ್ಯೋ ಹಾಗಲ್ಲ, ಇಲ್ಲಿ ನೋಡು, ಅಂಚಲ್ಲಿ ಬೆರಳು ಒತ್ತು" ಅಂತ ಶುರುವಾದ ಮಾತು 20 ನಿಮಿಷ ನಿಲ್ಲಲಿಲ್ಲ. ಬರೆದುಕೊಟ್ಟು ಓದಿಸುವುದಂತೂ ಬೇಡವೇ ಬೇಡ. ಕೇಳುವವರು ಕ್ಯಾಮೆರಾದ ಪಕ್ಕದಲ್ಲೇ ಕೂತಿರಲಿ, ಅವರ ಮುಖ ನೋಡಿ ಮಾತಾಡಲಿ.

ಚಿತ್ರ ಚೆನ್ನಾಗಿದೆ, ದನಿ ಕೇಳ್ಸಲ್ಲ ಅಂತಾರೆ.

ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ದನಿ ಕೆಟ್ಟರೆ ಎದ್ದು ಹೋಗುತ್ತಾರೆ. ನಾವು ಒಮ್ಮೆ ಇಡೀ ದಿನ ಗದ್ದೆಯಲ್ಲಿ ಕೂತು ತೆಗೆದದ್ದರಲ್ಲಿ ಬರೀ ಗಾಳಿಯ 'ಭರ್ರ್' ಇತ್ತು, ಎಲ್ಲ ಅಳಿಸಿ ಮತ್ತೆ ಹೋದೆವು. ಮೈಕು ಇಲ್ಲದಿದ್ದರೆ ಇನ್ನೊಂದು ಫೋನಿನಲ್ಲಿ ರೆಕಾರ್ಡರ್ ಹಾಕಿ ಮಾತಾಡುವವರ ಅಂಗಿ ಜೇಬಿಗೆ ಇಡಿ. ಶುರುವಿಗೆ ಒಂದು ಚಪ್ಪಾಳೆ ಹೊಡೆಯಿರಿ. ಎಡಿಟ್ ಮಾಡುವಾಗ ಚಪ್ಪಾಳೆಯ ಸದ್ದು, ಕೈ ಕೂಡುವ ಚಿತ್ರ ಎರಡನ್ನೂ ಜೋಡಿಸಿದರೆ ದನಿ ಸರಿಯಾಗಿ ಕೂರುತ್ತದೆ. ಪಂಪ್‌ಸೆಟ್, ಮಿಕ್ಸಿ, ಫ್ಯಾನು ನಿಲ್ಲಿಸಿ. ಜೀರುಂಡೆಯನ್ನು ನಿಲ್ಲಿಸಲು ಆಗುವುದಿಲ್ಲ, ಮಲೆನಾಡಿನವರು ಬೆಳಗ್ಗೆ ಬೇಗ ತೆಗೆಯಿರಿ.

ಹಿಂದೆ ಒಂದು ಸಿನಿಮಾ ಹಾಡು ಹಾಕಿದ್ರೆ ಚೆನ್ನಾಗಿರುತ್ತಲ್ವಾ?

ಇರುತ್ತದೆ, ಹಕ್ಕು ಇರುವವರು ಬಂದು ಹಿಡಿಯುವವರೆಗೆ. ನಾನೂ ಶುರುವಿಗೆ ಇದೇ ತಪ್ಪು ಮಾಡಿ ದನಿ ತೆಗೆಸಿಕೊಂಡಿದ್ದೇನೆ. ಯೂಟ್ಯೂಬ್ ಸ್ಟುಡಿಯೋದ (ಚಾನೆಲ್ ನೋಡಿಕೊಳ್ಳುವ ಜಾಗ) ಆಡಿಯೋ ಲೈಬ್ರರಿಯಲ್ಲಿ ಪುಕ್ಕಟೆ ಸಂಗೀತ ಇದೆ. ಇನ್ನೂ ಒಳ್ಳೆಯದು ಅಂದರೆ ನಿಮ್ಮೂರಿನ ಅಜ್ಜಿಯಿಂದಲೇ ಸೋಬಾನೆ ಪದ ಹಾಡಿಸುವುದು. ಅಜ್ಜಿಯನ್ನು ಕೇಳಿ ಮಾತ್ರ.

## ತೋರಿಸುವಾಗ

ಗ್ರೂಪಿಗೆ ಹಾಕಿದ್ವಿ. ಎಲ್ರೂ ಕೈಮುಗಿಯೋ ಚಿತ್ರ ಹಾಕ್ತಾರೆ, ಯಾರೂ ನೋಡಲ್ಲ.

ಗುಡ್ ಮಾರ್ನಿಂಗ್ ಹೂವುಗಳ ನಡುವೆ ನಿಮ್ಮದೂ ಒಂದು, ಅಷ್ಟೇ. ವಿಡಿಯೋ ಹಾಕುವ ಮೊದಲು ಒಂದು ಪ್ರಶ್ನೆ ದನಿಯಲ್ಲಿ ಹಾಕಿ: "ಬೋರ್ಡೋದಲ್ಲಿ ಅದ್ದಿದ ಚಾಕು ಕೆಂಪಾದ್ರೆ ಏನರ್ಥ? ಗೊತ್ತಿದ್ದವರು ಹೇಳಿ." ನಾಲ್ಕು ಜನ ನಾಲ್ಕು ಥರ ಹೇಳಲಿ, ಸ್ವಲ್ಪ ಜಗಳವೂ ಆಗಲಿ, ಸಂಜೆ ವಿಡಿಯೋ ಬಿಡಿ. ವಾಟ್ಸಾಪ್ ವಿಡಿಯೋವನ್ನು ಕುಗ್ಗಿಸುವುದರಿಂದ ಸಣ್ಣ ಅಕ್ಷರ ಕಾಣುವುದಿಲ್ಲ. ಸ್ಪಷ್ಟವಾಗಿ ಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ.

ಮಧ್ಯೆ ಮಧ್ಯೆ ನಿಲ್ಸಿದ್ರೆ ಜನ ಬೈತಾರೆ. ಒಂದೇ ಸಲ ತೋರ್ಸಿ ಮುಗಿಸಬಾರ್ದಾ?

ಈ ಪ್ರಶ್ನೆಗೆ ಉದ್ದ ಉತ್ತರ ಕೊಡುತ್ತೇನೆ, ಯಾಕಂದರೆ ನಾನು ಕಂಡ ಹಾಗೆ ಇಡೀ ಕೆಲಸ ನಿಂತಿರುವುದು ಇಲ್ಲೇ.

ಬೋರ್ಡೋ ವಿಡಿಯೋ ತೋರಿಸುತ್ತಿದ್ದೆವು. ಲೆಕ್ಕ ಸುಲಭ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಒಟ್ಟು 100 ಲೀಟರ್ ನೀರು. ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಡ್ಡಿಯಲ್ಲಿ ತಿರುಗಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಕೊನೆಗೆ ಹೊಳೆಯುವ ಚಾಕು ಅದ್ದಿ ನೋಡಬೇಕು. ಚಾಕುವಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಜಾಸ್ತಿಯಾಗಿದೆ ಅಂತ, ಇನ್ನಷ್ಟು ಸುಣ್ಣ ಬೇಕು. ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ.

ಚಾಕು ಮೇಲೆತ್ತುವ ಜಾಗದಲ್ಲಿ ನಿಲ್ಲಿಸಿದೆ. "ಕೆಂಪಾಗಿದೆ, ಈಗೇನು ಮಾಡ್ತೀರಿ?" ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಹಿರಿಯರೊಬ್ಬರು, 30 ವರ್ಷದಿಂದ ಔಷಧಿ ಹೊಡೆಸುತ್ತಿರುವವರು, "ಇನ್ನೊಂಚೂರು ಮೈಲುತುತ್ತ ಹಾಕದು" ಅಂದರು. ಅವರು ಆ ವಿಡಿಯೋವನ್ನು ಫೋನಿನಲ್ಲಿ ಎರಡು ಸಲ ನೋಡಿದ್ದರಂತೆ. ಪೂರ್ತಿ ಉಲ್ಟಾ ಅರ್ಥವಾಗಿತ್ತು! ಅವರಿಗೆ ಮುಜುಗರವಾಗಬಾರದು ಅಂತ ಅಲ್ಲೇ ಬಕೆಟ್ ತರಿಸಿದೆವು, ಅವರ ಕೈಗೇ ಚಾಕು ಕೊಟ್ಟೆವು. ಕೆಂಪು ಬಂತು, ಸುಣ್ಣದ ನೀರು ಸುರಿದರು, ಚಾಕು ತಿಕ್ಕಿ ಮತ್ತೆ ಅದ್ದಿದರು, ಬೆಳ್ಳಗೆ ಬಂತು. "ಓಹೋ" ಅಂದರು, ಅಷ್ಟೇ. ನಿಲ್ಲಿಸದೆ ತೋರಿಸಿದ್ದರೆ ಅವರು ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು, ನಾನು ಪುಸ್ತಕದಲ್ಲಿ 'ಇವತ್ತು 23 ಜನ ಕಲಿತರು' ಅಂತ ಬರೆಯುತ್ತಿದ್ದೆ.

ಎರಡು ಮೂರು ಕಡೆ ನಿಲ್ಲಿಸಿದರೆ ಸಾಕು. ಎಲ್ಲಿ ಅಂತ ಮೊದಲೇ ಗುರುತು ಮಾಡಿಟ್ಟುಕೊಳ್ಳಿ. "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಮುಂದೇನು ಮಾಡ್ತೀರಿ?" ಅಂತ ಕೇಳಿ.

ಹೆಂಗಸರು ಬರೋದೇ ಇಲ್ಲ. ಕರೆದೂ ಕರೆದೂ ಸಾಕಾಯ್ತು.

ಎಷ್ಟು ಗಂಟೆಗೆ ಕರೆದಿರಿ? ಸಂಜೆ 7ಕ್ಕೆ ಕರೆದರೆ ಅಡುಗೆ ಯಾರು ಮಾಡಬೇಕು? ಮಧ್ಯಾಹ್ನ 3ರ ನಂತರ ಕರೆಯಿರಿ, ಸಂಘದ ವಾರದ ಸಭೆಗೇ ಜೋಡಿಸಿ. ಪರದೆ ಮೇಲೆ ಬರೀ ಗಂಡಸರೇ ಇದ್ದರೆ ಇದು ಗಂಡಸರ ವಿಷಯ ಅಂತ ಅವರೂ ಅಂದುಕೊಳ್ಳುತ್ತಾರೆ. ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಯಾರ ಮನೆ ಜಗಲಿ? ಊರಿನ ಕೆಲವರು ಆ ಜಗಲಿ ಹತ್ತುವುದಿಲ್ಲ, ಹತ್ತಲು ಬಿಡುವುದೂ ಇಲ್ಲ. ಅಂಗನವಾಡಿಯಲ್ಲಿ, ಶಾಲೆಯಲ್ಲಿ ತೋರಿಸಿ. ನಾವು ಜಾಗ ಬದಲಿಸಿದ ಮೇಲೆ ಮೊದಲ ಸಲ ಒಂದು ಇಡೀ ಕೇರಿ ಬಂದು ಕೂತಿತು. ಅಲ್ಲಿಯವರೆಗೆ ನಾವು 'ಅವರಿಗೆ ಆಸಕ್ತಿ ಇಲ್ಲ' ಅಂತ ಹೇಳಿಕೊಂಡು ಓಡಾಡುತ್ತಿದ್ದೆವು.

## ಕೈ ಪಳಗಿದ ಮೇಲೆ

ಪಬ್ಲಿಕ್, ಅನ್‌ಲಿಸ್ಟೆಡ್, ಪ್ರೈವೇಟ್: ಯಾವ್ದು ಒತ್ಬೇಕು?

ಪಬ್ಲಿಕ್ ಅಂದರೆ ಊರ ಕಟ್ಟೆ. ಅನ್‌ಲಿಸ್ಟೆಡ್ ಅಂದರೆ ಲಿಂಕ್ ಇದ್ದವರು ಯಾರು ಬೇಕಾದರೂ ನೋಡಬಹುದು, ಹುಡುಕಿದರೆ ಸಿಗುವುದಿಲ್ಲ. ಆ ಲಿಂಕನ್ನು ಇನ್ನೊಬ್ಬರಿಗೆ ಕಳಿಸದಂತೆ ತಡೆಯಲು ಆಗದು. ಪ್ರೈವೇಟ್ ಅಂದರೆ ನೀವು ಇಮೇಲ್ ಹಾಕಿ ಕರೆದವರು ಮಾತ್ರ. ಸಂಘದ ಸಾಲ, ಮನೆಯ ಜಗಳ, ಕಾಯಿಲೆ ಇಂಥ ಮಾತಿದ್ದರೆ ಯೂಟ್ಯೂಬೇ ಬೇಡ, ಪೆನ್‌ಡ್ರೈವ್ ಸಾಕು.

ಒಪ್ಪಿಗೆ ತೆಗೆದುಕೊಳ್ಳುವಾಗ ಸುಮ್ನೆ "ವಿಡಿಯೋ ತೆಗೀತೀವಿ" ಅಂದರೆ ಸಾಲದು. "ಮುಂಬೈಯಲ್ಲಿರೋ ನಿಮ್ಮ ಭಾವನೂ ನೋಡ್ತಾರೆ, ಪರವಾಗಿಲ್ವಾ?" ಅಂತ ಕೇಳಿ. ಆಗ ನಿಜವಾದ ಉತ್ತರ ಬರುತ್ತದೆ. ತೆಗೆದ ಮೇಲೆ ಅವರಿಗೇ ಮೊದಲು ತೋರಿಸಿ, ಬೇಡ ಅಂದರೆ ಕಾರಣ ಕೇಳದೆ ಬಿಟ್ಟುಬಿಡಿ.

ಮಕ್ಕಳು ಕಾಣಿಸ್ಕೊಂಡ್ರೆ 'ಮಕ್ಕಳಿಗಾಗಿ' ಅಂತ ಒತ್ಬೇಕಾ?

ವಿಡಿಯೋ ಹಾಕುವಾಗ ಯೂಟ್ಯೂಬ್ ಕೇಳುವುದು ಅದರಲ್ಲಿ ಯಾರು ಇದ್ದಾರೆ ಅಂತಲ್ಲ, ಯಾರಿಗೋಸ್ಕರ ಮಾಡಿದ್ದು ಅಂತ. ಮಕ್ಕಳ ಪದ್ಯದ ವಿಡಿಯೋ ಆದರೆ ಹೌದು ಅನ್ನಿ, ಆಗ ಕಾಮೆಂಟ್ ಬಂದ್ ಆಗುತ್ತದೆ. ಶಾಲೆಯ ಕೈತೋಟದ ಬಗ್ಗೆ ಊರಿನವರಿಗೆ ಹೇಳುವುದಾದರೆ ಅಲ್ಲ ಅನ್ನಿ. ಮಕ್ಕಳ ಮುಖ, ಹೆಸರು ಹಾಕುವ ಮೊದಲು ಅಪ್ಪ ಅಮ್ಮನನ್ನು ಕೇಳಬೇಕು, ಅದು ಬೇರೆ ವಿಷಯ.

ಗ್ರಾಮಸಭೆನ ಲೈವ್ ಮಾಡ್ಬಹುದಾ?

ಮಾಡಬಹುದು. ಚಾನೆಲ್‌ಗೆ ಫೋನ್ ನಂಬರ್ ದೃಢೀಕರಣ ಆಗಿರಬೇಕು, ಮೊಬೈಲ್‌ನಿಂದ ಲೈವ್ ಹೋಗಲು 50 ಸಬ್‌ಸ್ಕ್ರೈಬರ್ ಇರಬೇಕು. ಮೊದಲ ಸಲ ಶುರುವಾಗಲು 24 ಗಂಟೆವರೆಗೂ ಹಿಡಿಯಬಹುದು, ಹಾಗಾಗಿ ಸಭೆಯ ದಿನ ಬೆಳಗ್ಗೆ ಪೇಚಾಡಬೇಡಿ. ನನ್ನ ಅನುಭವದಲ್ಲಿ ಲೈವ್ ನೋಡುವುದು ಬೆಂಗಳೂರಲ್ಲೋ ದುಬೈನಲ್ಲೋ ಇರುವ ಊರಿನ ಹುಡುಗರು, ಊರಲ್ಲಿರುವವರು ಸಭೆಗೇ ಬಂದಿರುತ್ತಾರೆ. ಆ ಹುಡುಗರು ಕಾಮೆಂಟಿನಲ್ಲಿ ಕೇಳುವ ರಸ್ತೆಯ ಪ್ರಶ್ನೆಯನ್ನು ಓದಿ ಹೇಳಲು ಒಬ್ಬರು ಬೇಕು. ಇಲ್ಲದಿದ್ದರೆ ಲೈವ್ ಮಾಡಿ ಪ್ರಯೋಜನವಿಲ್ಲ.

ಕಿವಿ ಕೇಳಿಸದವ್ರಿಗೆ ಏನಾದ್ರೂ ಮಾಡೋಕಾಗುತ್ತಾ?

ಆಗುತ್ತದೆ. ಯೂಟ್ಯೂಬ್ ಸ್ಟುಡಿಯೋದ ಸಬ್‌ಟೈಟಲ್ಸ್ ವಿಭಾಗದಲ್ಲಿ ಕನ್ನಡ ಆರಿಸಿ, ಸಾಲು ಸಾಲಾಗಿ ನೀವೇ ಟೈಪ್ ಮಾಡಬಹುದು. 8 ನಿಮಿಷಕ್ಕೆ ಒಂದೆರಡು ಗಂಟೆ ಹಿಡಿಯುತ್ತದೆ. ಅಳತೆ, ದಿನಾಂಕಗಳನ್ನು ಪರದೆ ಮೇಲೇ ದೊಡ್ಡದಾಗಿ ಹಾಕಿದರೆ ಎಲ್ಲರಿಗೂ ಒಳ್ಳೆಯದು. ಓದಲು ಬಾರದ, ಸನ್ನೆ ಭಾಷೆ ಬಲ್ಲವರು ಊರಲ್ಲಿದ್ದರೆ ಅವರನ್ನೇ ಕರೆದು ಕೈಸನ್ನೆಯಲ್ಲಿ ಹೇಳಿಸಿ ತೆಗೆಯಿರಿ.

ವಿಡಿಯೋದಲ್ಲಿ ತಪ್ಪು ಹೇಳಿದೀವಿ ಅಂತ ಆಮೇಲೆ ಗೊತ್ತಾಯ್ತು. ಬದಲಿಸಬಹುದಾ?

ಅದೇ ಲಿಂಕಿನಲ್ಲಿ ಹೊಸ ಫೈಲ್ ಹಾಕಲು ಬರುವುದಿಲ್ಲ. ತಪ್ಪಿರುವ ತುಂಡನ್ನು ಸ್ಟುಡಿಯೋದ ಎಡಿಟರ್‌ನಲ್ಲಿ ಕತ್ತರಿಸಿ ತೆಗೆಯಬಹುದು. ಔಷಧಿ ಅಳತೆಯಂಥ ತಪ್ಪಾದರೆ ತಡಮಾಡದೆ ಪ್ರೈವೇಟ್ ಮಾಡಿ, ಸರಿ ಮಾಡಿ ಹೊಸದಾಗಿ ಹಾಕಿ. ವಾಟ್ಸಾಪ್‌ನಲ್ಲಿ ಹೋದದ್ದು ವಾಪಸ್ ಬರುವುದಿಲ್ಲ. ಅದಕ್ಕೇ ನಾವು ಪ್ರತಿ ವಿಡಿಯೋದ ಶುರುವಿಗೆ ತಿಂಗಳು, ವರ್ಷ ಹಾಕುತ್ತೇವೆ. "ಹೋದ ತಿಂಗಳಿನದು ನೋಡಬೇಡಿ, ಈ ತಿಂಗಳಿನದು ನೋಡಿ" ಅಂತಾದರೂ ಹೇಳಬಹುದು.

ಇದ್ರಿಂದ ದುಡ್ಡು ಬರುತ್ತಾ?

ಜಾಹೀರಾತಿನ ಪಾಲು ಬೇಕಾದರೆ 1,000 ಸಬ್‌ಸ್ಕ್ರೈಬರ್, ಅದರ ಜೊತೆ ಒಂದು ವರ್ಷದಲ್ಲಿ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವ್ಯೂಸ್. 60 ಮನೆಯ ಊರಿಗೆ ಮಾಡಿದ ವಿಡಿಯೋ ಅಲ್ಲಿಗೆ ಮುಟ್ಟುವುದು ಕಷ್ಟ. ಮುಟ್ಟಿಸಲು ಹೊರಟವರ ಚಾನೆಲ್‌ನಲ್ಲಿ ಆರು ತಿಂಗಳಿಗೆ ನಾಗರಹಾವು, ದೆವ್ವದ ಮನೆ ಬಂದಿರುತ್ತದೆ.

ವ್ಯೂಸ್ 150 ದಾಟಲ್ಲ. ಉಪಯೋಗ ಆಗ್ತಿದೆ ಅಂತ ಹೇಗೆ ಗೊತ್ತಾಗೋದು?

ಒಂದು ನೋಟ್‌ಬುಕ್ ಇಡಿ. ಯಾರು ಬಂದರು, ಏನು ಕೇಳಿದರು, ತಿಂಗಳ ನಂತರ ಯಾರು ಮಾಡಿ ನೋಡಿದರು. ಮನೆಗೇ ಹೋಗಿ ನೋಡಬೇಕು, ಫೋನಿನಲ್ಲಿ ಕೇಳಿದರೆ ಎಲ್ಲರೂ ಮಾಡಿದ್ದೇವೆ ಅನ್ನುತ್ತಾರೆ. ಮಾಡದವರು ಯಾಕೆ ಮಾಡಲಿಲ್ಲ ಅನ್ನುವುದನ್ನೂ ಬರೆಯಿರಿ, ಮುಂದಿನ ವಿಡಿಯೋ ಯಾವುದು ಅಂತ ಅಲ್ಲೇ ಸಿಗುತ್ತದೆ. ನಮಗೆ ಸುದ್ದಿ ತಂದದ್ದು ಕೊನೆಗೌಡ. ಹತ್ತಾರು ತೋಟಗಳಲ್ಲಿ ಮರ ಹತ್ತಿ ಔಷಧಿ ಹೊಡೆಯುವವನು, ಅವನ ಕಣ್ಣಿಗೆ ಬೀಳದ್ದಿಲ್ಲ. "ಈ ಸಲ ಮೂರು ಮನೇಲಿ ಡ್ರಮ್ಮಿನ ಪಕ್ಕ ಚಾಕು ಇತ್ತಕ್ಕಾ" ಅಂದ.

ಚಾನೆಲ್ ಮಾಡಿಕೊಟ್ಟ ಹುಡುಗ ಕೆಲ್ಸ ಸಿಕ್ಕಿ ಹೋದ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ!

ಇದು ನಮಗೂ ಆಗಿದೆ, 31 ವಿಡಿಯೋ ಸಮೇತ. ಹುಡುಗನದ್ದು ತಪ್ಪಿಲ್ಲ, ಅವನ ಸ್ವಂತ ಜಿಮೇಲ್‌ನಲ್ಲಿ ಮಾಡಿಸಿದ್ದು ನಾವೇ. ನಂಬರ್ ಬದಲಾಗಿತ್ತು, ಅವನಿಗೂ ತೆರೆಯಲು ಆಗಲಿಲ್ಲ. ಈಗ ಸಂಘದ ಹೆಸರಲ್ಲೇ ಜಿಮೇಲ್ ಇದೆ, ಅದಕ್ಕೆ ಕೊಟ್ಟಿರುವುದು ಸಂಘದ ಫೋನ್ ನಂಬರ್. ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ಸ್ ಅಂತ ಇದೆ, ಅಲ್ಲಿ ಇಬ್ಬರು ಮ್ಯಾನೇಜರ್‌ಗಳನ್ನು ಸೇರಿಸಿದ್ದೇವೆ. ಅವರು ಅವರವರ ಜಿಮೇಲ್‌ನಿಂದಲೇ ಕೆಲಸ ಮಾಡಬಹುದು, ಪಾಸ್‌ವರ್ಡ್ ಹಂಚುವುದು ಬೇಡ. ಪಾಸ್‌ವರ್ಡ್ ಬರೆದ ಚೀಟಿ ಸಂಘದ ಪಾಸ್‌ಬುಕ್ ಇರುವ ಟ್ರಂಕಿನಲ್ಲಿದೆ, ಮೂಲ ಫೈಲುಗಳು ಎರಡು ಹಾರ್ಡ್‌ಡಿಸ್ಕ್‌ನಲ್ಲಿ, ಎರಡು ಬೇರೆ ಮನೆಗಳಲ್ಲಿ. ಒಂದನ್ನು ಅಟ್ಟದ ಮೇಲೆ ಇಡಲು ಹೊರಟಿದ್ದೆವು, ಹೊಗೆ ಮತ್ತು ಇಲಿ ನೆನಪಾಗಿ ಕೆಳಗಿಳಿಸಿದೆವು.